ಎಲೆಕ್ಟ್ರಿಕ್ ಜಕರಾಂಡಕ್ಕೆ ತಾಳ ಹಾಕಿದವರು

ನೈರೋಬಿಯ ಹೈರಿಡ್ಜ್ ಬಡಾವಣೆಯ ಲಕ್ಷ್ಮೀಶ ಮೇಷ್ಟ್ರು ಸುಳ್ಳು ಹೇಳುವ ಜಾಯಮಾನದವರಲ್ಲ. ಎಪ್ಪತ್ತನಾಲ್ಕು ವರ್ಷದ ಬಾಳಿನಲ್ಲಿ ಅವರ ಹತ್ತಿರ ಇದ್ದದ್ದು ಒಂದೇ ಒಂದು ಸುಳ್ಳು. ಅದನ್ನು ರೇಷ್ಮೆ ಪಂಚೆಯ ಹಾಗೆ ಮಡಿಸಿಟ್ಟು, ಯುಗಾದಿಗೋ ರಾಜ್ಯೋತ್ಸವಕ್ಕೋ ಕನ್ನಡ ಕೂಟದವರು ಸೇರಿದಾಗ ಮಾತ್ರ ಹೊರಗೆ ತೆಗೆಯುತ್ತಿದ್ದರು.

ಸುಳ್ಳು ಇಷ್ಟು. ಮೇಷ್ಟ್ರು ಗಣಿತ ಕಲಿಸಲು ಮೈಸೂರಿನಿಂದ ನೈರೋಬಿಗೆ ಬಂದ ಹೊಸತು, 1975ನೇ ಇಸವಿ. ಆಗ ಊರಿನಲ್ಲಿ ‘ಎಲೆಕ್ಟ್ರಿಕ್ ಜಕರಾಂಡ’ ಎಂಬ ರಾಕ್ ತಂಡವಿತ್ತು. ಉದ್ದ ಕೂದಲು, ಹೂವಿನ ಅಂಗಿ, ಗೋಡೆಯ ಮೇಲೆಲ್ಲ ಕರಗಿ ಹರಿಯುವ ಬಣ್ಣದ ದೀಪ, ಒಂದೊಂದು ಹಾಡೂ ಅರ್ಧರ್ಧ ಗಂಟೆ. ಆ ತಂಡದ ಕಛೇರಿಯನ್ನು ಪೊಲೀಸರು ನಿಲ್ಲಿಸಲು ಬಂದಾಗ ಮೇಷ್ಟ್ರು ಮುಂದಿನ ಸಾಲಿನಿಂದ ಎದ್ದು ನಿಂತು, ‘ಸಂಗೀತಕ್ಕೂ ಪರ್ಮಿಟ್ ಕೇಳ್ತೀರೇನ್ರೀ?’ ಎಂದು ಇಂಗ್ಲಿಷಿನಲ್ಲಿ ಗದರಿದ್ದರು. ಮೊದಮೊದಲು ಈ ಕಥೆಯಲ್ಲಿ ಪೊಲೀಸು ಒಬ್ಬನೇ ಇದ್ದ. ಕಳೆದ ಯುಗಾದಿಯ ಹೊತ್ತಿಗೆ ಹದಿನಾರು ಜನವಾಗಿದ್ದರು, ಜೊತೆಗೊಂದು ನಾಯಿ. ಹೇಳುವವರು ಗಣಿತದ ಮೇಷ್ಟ್ರಾದ್ದರಿಂದ ಲೆಕ್ಕವನ್ನು ಯಾರೂ ತಾಳೆ ನೋಡಲಿಲ್ಲ.

ನಿಜ ನಡೆದದ್ದನ್ನು ನಿಮ್ಮ ಕಿವಿಯಲ್ಲಿ ಹೇಳಿಬಿಡುತ್ತೇನೆ. ಮೊದಲನೆಯದಾಗಿ, ಆ ಟಿಕೆಟ್ಟೇ ಮೇಷ್ಟ್ರದ್ದಲ್ಲ. ಅದೇ ಸ್ಕೂಲಿನ ಕೆಮಿಸ್ಟ್ರಿ ಮೇಷ್ಟ್ರು, ಮಂಗಳೂರಿನ ಫೆಲಿಕ್ಸ್ ಡಿಸೋಜಾ, ನೆಗಡಿಯಾಗಿ ಮಲಗಿದವರು, ‘ದಂಡ ಆಗುದು ಬೇಡ ಮಾರಾಯ, ನೀನೇ ಹೋಗು’ ಎಂದು ಕೊಟ್ಟದ್ದು. ಅದರ ಮೇಲೆ ಫೆಲಿಕ್ಸರ ಹೆಸರು ಬರೆದಿತ್ತು. ಆಗೆಲ್ಲ ನಾಲ್ಕು ಜನ ಸೇರಬೇಕಾದರೂ ಸರ್ಕಾರದ ಅಪ್ಪಣೆ ಬೇಕು, ಸೇರಿದವರ ಹೆಸರೂ ಬೇಕು. ಮನೆಬಿಟ್ಟು ಬಂದು ಆರು ತಿಂಗಳಿಂದ ಸಂಗೀತವೇ ಕಿವಿಗೆ ಬೀಳದೆ ಒಣಗಿದ್ದ ಮೇಷ್ಟ್ರು ಹೋಗಿ ಮುಂದೆ ಕೂತರು, ಕಣ್ಣು ಮುಚ್ಚಿ ತಾಳ ಹಾಕಿದರು. ಹಾಡು ಮುಗಿದು ಕಣ್ಣು ಬಿಟ್ಟರೆ ಹಾಲ್ ಪೂರ್ತಿ ಖಾಲಿ, ಪಕ್ಕದಲ್ಲಿ ಪೊಲೀಸ್ ಇನ್‌ಸ್ಪೆಕ್ಟರ್. ‘ಹೆಸರು?’ ಎಂದ.

ಮೇಷ್ಟ್ರಿಗೆ ಅದೇ ವಾರ ಅಣ್ಣನ ಕಾಗದ ಬಂದಿತ್ತು: ‘ಇಲ್ಲಿ ತುರ್ತು ಪರಿಸ್ಥಿತಿ. ರೈಲುಗಳು ಸರಿಯಾದ ಸಮಯಕ್ಕೆ ಬರುತ್ತಿವೆ. ಬೇರೆ ಏನೂ ಬರೆಯುವ ಹಾಗಿಲ್ಲ. ನೀನೂ ಅಲ್ಲಿ ಬಾಯಿಮುಚ್ಚಿಕೊಂಡಿರು.’ ರೈಲೆಂದರೆ ಮೇಷ್ಟ್ರ ಮನೆಯಲ್ಲಿ ಒಂದು ಶಿಕ್ಷಣವಿತ್ತು. ಯಾರೋ ನೆಂಟರು ಹೋಗದೆ ಬಿಟ್ಟ ಟಿಕೆಟ್ಟಿನಲ್ಲೇ ಅವರ ಅಪ್ಪ ಮಕ್ಕಳನ್ನು ಮುಂಬೈಗೆ ಕರೆದೊಯ್ಯುತ್ತಿದ್ದದ್ದು. ಟಿ.ಟಿ. ಬಂದರೆ ಟಿಕೆಟ್ಟಿನ ಹೆಸರು, ವಯಸ್ಸು, ಬರ್ತು, ಎಲ್ಲ ಪಟಪಟನೆ ಒಪ್ಪಿಸಬೇಕು. ಹೀಗೆ ಮೇಷ್ಟ್ರು ಅರಸೀಕೆರೆಯಿಂದ ಹುಬ್ಬಳ್ಳಿಯವರೆಗೆ ಎಷ್ಟೋ ಸಲ ಬೇರೆ ಯಾರೋ ಆಗಿದ್ದರು. ಈಗ ಯೂನಿಫಾರ್ಮು ಕಂಡದ್ದೇ ಎದ್ದು ನಿಂತು, ಕೈಯಲ್ಲಿದ್ದ ಟಿಕೆಟ್ಟು ನೋಡಿ, ಇಂಗ್ಲಿಷಿನಲ್ಲಿ ಒಪ್ಪಿಸಿಬಿಟ್ಟರು: ‘ಫೆಲಿಕ್ಸ್ ಡಿಸೋಜಾ. ಗಂಡು. ಇಪ್ಪತ್ತಾರು. ಲೋವರ್ ಬರ್ತ್.’ ಆಮೇಲೆ ಓಡಿದರು. ಕೊಡೆ ಅಲ್ಲೇ ಉಳಿಯಿತು.

ವಾರದ ನಂತರ ಪೊಲೀಸರು ಫೆಲಿಕ್ಸರನ್ನು ಸ್ಟೇಷನ್ನಿಗೆ ಕರೆಸಿದರು. ಇದನ್ನು ಕೇಳಿದ ದಿನದಿಂದ ಮೇಷ್ಟ್ರ ಎದೆಯಲ್ಲೊಂದು ಮುಳ್ಳು ಕೂತಿತು. ಆ ಮುಳ್ಳನ್ನು ಮುಚ್ಚಲಿಕ್ಕೇ ಮೇಲೆ ಹೇಳಿದ ರೇಷ್ಮೆ ಪಂಚೆಯ ಅವಶ್ಯಕತೆ ಬಿದ್ದದ್ದು.

ಐವತ್ತು ವರ್ಷ ಎಲ್ಲ ಸುಸೂತ್ರವಾಗಿ ನಡೆಯಿತು. ಈ ಅಕ್ಟೋಬರಿನಲ್ಲಿ, ಬೀದಿಯ ಜಕರಾಂಡ ಮರಗಳು ನೇರಳೆ ಹೂ ಉದುರಿಸುತ್ತಿದ್ದಾಗ, ಕನ್ನಡ ಕೂಟದ ಅಧ್ಯಕ್ಷ ಕೃಷ್ಣಪ್ರಸಾದ್ ಪೇಪರ್ ಹಿಡಿದುಕೊಂಡು ಮೇಷ್ಟ್ರ ಮನೆಗೆ ನುಗ್ಗಿದರು. ಬೆಂಗಳೂರಿನಿಂದ ಕಂಪನಿ ಕೆಲಸಕ್ಕೆ ಬಂದ ಈ ಮನುಷ್ಯನಿಗೆ ಸನ್ಮಾನ ಮಾಡುವ ಕಾಯಿಲೆ. ಮೂರು ವರ್ಷದಲ್ಲಿ ಐವತ್ತೆರಡು ಜನರಿಗೆ ಶಾಲು ಹೊದೆಸಿದ್ದರು. ಕೂಟದಲ್ಲಿ ಸನ್ಮಾನವಾಗದೆ ಉಳಿದವರೆಂದರೆ ಮೇಷ್ಟ್ರು, ಫೆಲಿಕ್ಸ್ ಮತ್ತು ತೊಟ್ಟಿಲಲ್ಲಿರುವ ಎರಡು ಮಕ್ಕಳು.

‘ಸರ್, ಇದು ನೀವೇ ಅಲ್ವಾ?’

ಪೇಪರಿನಲ್ಲಿ ದೊಡ್ಡ ಫೋಟೋ. ಹಿಂದೆ ಬಣ್ಣದ ಹೊಗೆ, ಗಿಟಾರು, ಜಡೆ ಬಿಟ್ಟ ಗಂಡಸರು. ಮುಂದಿನ ಸಾಲಿನಲ್ಲಿ ಎಣ್ಣೆ ಹಚ್ಚಿ ಬಾಚಿದ ತಲೆ, ಟೈ ಕಟ್ಟಿದ ಕೊರಳು, ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಒಬ್ಬ ಯುವಕ.

‘ದಟ್ಸ್ ಯುವರ್ ನೋಸ್, ತಾತ,’ ಎಂದಳು ಮೊಮ್ಮಗಳು ಅನಘಾ. ಹದಿನೈದರ ಈ ಹುಡುಗಿ ನೈರೋಬಿಯಲ್ಲೇ ಹುಟ್ಟಿದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಮೇಷ್ಟ್ರ ಹೆಂಡತಿ ಸುಶೀಲಮ್ಮ ಕನ್ನಡಕ ಹಾಕಿಕೊಂಡು ನೋಡಿದರು. ‘ಮೂಗು ಇವರದೇ. ಟೈ ನಮ್ಮಪ್ಪ ನಿಶ್ಚಿತಾರ್ಥಕ್ಕೆ ಕೊಟ್ಟಿದ್ದು. ಬೇರೆ ಯಾರ ಸಾಕ್ಷೀನೂ ಬೇಡ ಬಿಡಿ.’

ಸುದ್ದಿ ಏನೆಂದರೆ, ಆ ಸಂಜೆಯ ಕಛೇರಿಯನ್ನು ಯಾರೋ ಒಬ್ಬ ವಿದ್ಯಾರ್ಥಿ ಪೂರ್ತಿಯಾಗಿ ಚಿತ್ರೀಕರಿಸಿದ್ದನಂತೆ. ಪೊಲೀಸರು ಜಪ್ತಿ ಮಾಡಿದ ರೀಲುಗಳು ಒಂದು ಉಗ್ರಾಣದಲ್ಲಿ ಹಳೆಯ ಟೈಪ್‌ರೈಟರುಗಳ ಹಿಂದೆ ಬಿದ್ದಿದ್ದವಂತೆ. ಎರಡು ವರ್ಷದ ಹಿಂದೆ ಸಿಕ್ಕಿ, ಈಗ ‘ಆರು ಗಂಟೆಯವರೆಗೆ’ ಎಂಬ ಹೆಸರಿನಲ್ಲಿ ಸಿನಿಮಾ ಆಗಿದೆ. ರಿವರ್‌ಸೈಡ್ ಬಡಾವಣೆಯ ಒಂದು ಸಭಾಂಗಣದಲ್ಲಿ ಮುಂದಿನ ಶನಿವಾರ ಮಧ್ಯಾಹ್ನ ಮೂರಕ್ಕೆ ಪ್ರದರ್ಶನ.

‘ಸೌಂಡೂ ಇದ್ಯಾ?’ ಎಂದು ಮೇಷ್ಟ್ರು ಕೇಳಿದರು.

‘ಕ್ಲಿಯರ್ ಆಗಿದ್ಯಂತೆ ಸರ್. ನೀವು ಪೊಲೀಸ್ರಿಗೆ ಬೈದಿದ್ದು ಒಂದೊಂದು ಅಕ್ಷರಾನೂ ಕೇಳತ್ತೆ. ನಲವತ್ತು ಸೀಟ್ ಬುಕ್ ಮಾಡಿದೀನಿ. ಸಿನಿಮಾ ಮುಗಿದ ತಕ್ಷಣ ಅಲ್ಲೇ ಸ್ಟೇಜ್ ಮೇಲೆ ಸನ್ಮಾನ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ.’

ಅನಘಾ ಒಳಗೆ ಹೋಗಿ ಸ್ಕೂಲಿನ ಪ್ರಾಜೆಕ್ಟು ತಂದು ಕೃಷ್ಣಪ್ರಸಾದರಿಗೆ ತೋರಿಸಿದಳು. ಹೆಸರು, ‘ಮೈ ಗ್ರ್ಯಾಂಡ್‌ಫಾದರ್ ಅಂಡ್ ದ ಸಿಕ್ಸ್‌ಟೀನ್ ಪೊಲೀಸ್‌ಮೆನ್’. ನಾಯಿಯ ಚಿತ್ರವನ್ನೂ ಬರೆದಿದ್ದಳು. ಇಡೀ ಕ್ಲಾಸಿಗೆ ಮೊದಲು ಬಂದಿದ್ದಳು. ಅವಳ ಮುಖದಲ್ಲಿದ್ದ ಹೆಮ್ಮೆಯನ್ನು ನೋಡಿದ ಮೇಲೆ ಮೇಷ್ಟ್ರಿಗೆ ಮಧ್ಯಾಹ್ನದ ಊಟ ಸೇರಲಿಲ್ಲ.

ಆ ವಾರವೆಲ್ಲ ಅವರು ಪ್ರದರ್ಶನವನ್ನು ತಪ್ಪಿಸಲು ಪಟ್ಟ ಪಾಡು ಒಂದೆರಡಲ್ಲ. ಸೋಮವಾರ ಮಂಡಿನೋವು ಎಂದರು. ಕೃಷ್ಣಪ್ರಸಾದ್ ಗಾಲಿ ಕುರ್ಚಿ ಕಳಿಸಿದರು. ಬುಧವಾರ, ಶನಿವಾರ ಮಟಾಟು ಮುಷ್ಕರವಂತೆ, ಒಂದೂ ವ್ಯಾನು ಓಡುವುದಿಲ್ಲವಂತೆ ಎಂದರು. ಕೃಷ್ಣಪ್ರಸಾದ್ ಬಸ್ಸನ್ನೇ ಗೊತ್ತು ಮಾಡಿದರು. ಗುರುವಾರ ಕೊನೆಯ ಬಾಣ ಬಿಟ್ಟರು: ‘ನೋಡಿ ಕೃಷ್ಣಪ್ರಸಾದ್, ಆ ಸಿನಿಮಾ ಸಂಸಾರಸ್ಥರು ನೋಡೋ ಅಂಥದ್ದಲ್ಲ. ಹೊಗೆ ಸೇದ್ತಾರೆ. ಅಂಗಿ ಗುಂಡಿ ಹಾಕಿರಲ್ಲ. ಕುಣಿಯೋದಂತೂ ಕೇಳ್ಬೇಡಿ.’ ಈ ಮಾತು ಕೂಟದ ವಾಟ್ಸಾಪಿನಲ್ಲಿ ಹರಡಿದ ಒಂದು ಗಂಟೆಯಲ್ಲಿ ನಲವತ್ತು ಸೀಟು ಎಪ್ಪತ್ತಾಯಿತು. ಐದು ವರ್ಷದಿಂದ ಕೂಟದ ಕಡೆ ತಲೆ ಹಾಕದವರೂ ಸದಸ್ಯರಾದರು.

ಉಳಿದದ್ದು ಒಂದೇ ದಾರಿ. ಮೊದಲು ಫೆಲಿಕ್ಸರ ಮುಂದೆ ತಪ್ಪು ಒಪ್ಪಿಕೊಂಡುಬಿಡುವುದು. ಶುಕ್ರವಾರ ಬೆಳಿಗ್ಗೆ ಮೇಷ್ಟ್ರು ಎರಡು ಬೀದಿ ದಾಟಿ ಫೆಲಿಕ್ಸರ ಮನೆಗೆ ಹೋದರು. ಫೆಲಿಕ್ಸರ ಹೆಂಡತಿ ಫಿಲೋಮಿನಾ ಬಾಯಿ ನೀರುದೋಸೆ, ಕಾಯಿಬೆಲ್ಲ ತಂದಿಟ್ಟರು.

‘ಫೆಲಿಕ್ಸ್, ಆ ಪೊಲೀಸಿನ ವಿಷಯ...’

ಇಷ್ಟು ಸಾಕಾಯಿತು. ಫೆಲಿಕ್ಸ್ ಬೆನ್ನು ನೆಟ್ಟಗೆ ಮಾಡಿ ಕೂತರು. ಅವರ ಹತ್ತಿರವೂ ಒಂದು ಕಥೆಯಿತ್ತು, ಅದು ಸುಳ್ಳಲ್ಲ. ‘ನನ್ನನ್ನು ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಬೆಂಚಲ್ಲಿ ಕೂರಿಸಿದ್ರು. ಕೇಳಿದ್ದೇ ಕೇಳಿದ್ದು, ಈ ಲೋವರ್ ಬರ್ತ್ ಅಂದ್ರೆ ಎಂಥದು, ಯಾವ ಸಂಘಟನೆ, ಅದರಲ್ಲಿ ಎಷ್ಟು ಜನ ಉಂಟು ಅಂತ. ನಾನು ಬಾಯಿ ಬಿಡ್ಲಿಲ್ಲ.’

‘ಗೊತ್ತಿದ್ರೆ ತಾನೇ ಬಿಡೋದು?’ ಎಂದರು ಮೇಷ್ಟ್ರು ಮೆಲ್ಲಗೆ.

‘ಗೊತ್ತಿರ್ಲಿಲ್ಲ ಅಂತ ಹೇಳ್ಬಹುದಿತ್ತು ಅಲ್ವಾ? ಅದನ್ನೂ ಹೇಳ್ಲಿಲ್ಲ. ಆ ಲೋವರ್ ಬರ್ತಿನವರು ಯಾರೋ ಪಾಪ, ನನ್ನಿಂದ ಸಿಕ್ಕಿಬೀಳುದು ಬೇಡ ಅಂತ ಸುಮ್ಮನೆ ಕೂತೆ.’

‘ಈ ಕಥೆ ಕೇಳಿಯೇ ನಮ್ಮ ಅಪ್ಪ ಒಪ್ಪಿದ್ದು,’ ಎಂದರು ಫಿಲೋಮಿನಾ ಬಾಯಿ, ಇನ್ನೊಂದು ದೋಸೆ ಹಾಕುತ್ತ. ‘ಸರ್ಕಾರವೇ ಹೆದರುವ ಹುಡುಗ, ನಿನ್ನನ್ನು ಚೆನ್ನಾಗಿ ನೋಡಿಕೊಳ್ತಾನೆ ಅಂದ್ರು. ಇಲ್ಲದಿದ್ರೆ ನನಗೆ ಬಜ್ಪೆಯ ಡಾಕ್ಟರೊಬ್ಬರ ಸಂಬಂಧ ಗೊತ್ತಾಗಿತ್ತು.’

ಒಂದು ಸಂಸಾರ, ಮೂರು ಮಕ್ಕಳು, ಏಳು ಮೊಮ್ಮಕ್ಕಳು, ಎಲ್ಲವೂ ಒಂದು ಲೋವರ್ ಬರ್ತಿನ ಮೇಲೆ ಮಲಗಿದೆ ಎಂದು ಮೇಷ್ಟ್ರಿಗೆ ಅರಿವಾಯಿತು. ಅವರು ಎಂಟು ದೋಸೆ ತಿಂದು, ಏನೂ ಹೇಳದೆ ವಾಪಸಾದರು.

ಶನಿವಾರ ಬಂದೇ ಬಂತು. ಸಭಾಂಗಣದಲ್ಲಿ ಎಪ್ಪತ್ತು ಕನ್ನಡಿಗರು, ಇನ್ನೂರು ಊರಿನವರು. ಮೊದಲ ಸಾಲಿನಲ್ಲಿ ಸುಶೀಲಮ್ಮ, ಅನಘಾ, ಮೇಷ್ಟ್ರು, ಫೆಲಿಕ್ಸ್, ಫಿಲೋಮಿನಾ ಬಾಯಿ. ತುದಿಯಲ್ಲಿ ಎಲೆಕ್ಟ್ರಿಕ್ ಜಕರಾಂಡದಲ್ಲಿ ಬದುಕುಳಿದಿರುವ ಒಬ್ಬನೇ ಕಲಾವಿದ, ಡ್ರಮ್ ಬಾರಿಸುತ್ತಿದ್ದ ಒಡಿಯಾಂಬೊ, ಕಸರಾನಿಯಿಂದ ಮಗನ ಕಾರಿನಲ್ಲಿ ಬಂದಿದ್ದರು. ತಲೆ ಪೂರ್ತಿ ಬೋಳಾಗಿತ್ತು. ವೇದಿಕೆಯ ಮೂಲೆಯಲ್ಲಿ ಅವರಿಗಾಗಿ ಒಂದು ಡ್ರಮ್ ಇಟ್ಟಿದ್ದರು.

ಚಿತ್ರವನ್ನು ಮತ್ತೆ ಕಟ್ಟಿದ ಡಾಕ್ಟರ್ ವಂಜಿರು ಎಂಬ ಹೆಂಗಸು ಮೊದಲು ನಾಲ್ಕು ಮಾತಾಡಿದರು. ತಂಡದ ಕೊನೆಯ ಹಾಡು ಜಮೀನಿನ ಬಗ್ಗೆ. ಬಿಳಿಯರು ಹೋದ ಮೇಲೆ ಬೇಲಿಯ ಒಳಗೆ ನಿಂತವರು ಯಾರು ಎಂದು ಕೇಳುವ ಹಾಡು. ಸರ್ಕಾರ ಅದರ ಮಾತುಗಳನ್ನು ನಿಷೇಧಿಸಿತ್ತು. ಅದಕ್ಕೆ ತಂಡದವರು ಮಾತು ಬಿಟ್ಟು, ಬರೀ ವಾದ್ಯದಲ್ಲಿ ನುಡಿಸಿದರು. ಹಾಲಿನಲ್ಲಿದ್ದ ಪ್ರತಿಯೊಬ್ಬರಿಗೂ ಮಾತು ಬಾಯಿಪಾಠ. ಪರ್ಮಿಟ್ ಇದ್ದದ್ದು ಸಂಜೆ ಆರರವರೆಗೆ.

ಪ್ರತಿಯೊಬ್ಬರಿಗೂ ಅಲ್ಲ, ಒಬ್ಬರನ್ನು ಬಿಟ್ಟು, ಎಂದುಕೊಂಡರು ಮೇಷ್ಟ್ರು. ಅವರಿಗೆ ಇದೆಲ್ಲ ಗೊತ್ತಾದದ್ದು ಇವತ್ತೇ.

ದೀಪ ಆರಿತು. ತೆರೆಯ ಮೇಲೆ ಬಣ್ಣಗಳು ಕರಗಿ ಹರಿದವು, ಗಿಟಾರು ಅತ್ತಿತು, ನಕ್ಕಿತು. ಕ್ಯಾಮೆರಾ ಒಮ್ಮೆ ಹಿಂದಿನ ಸಾಲಿಗೆ ತಿರುಗಿತು. ಅಲ್ಲಿ ಮಫ್ತಿಯಲ್ಲಿದ್ದ ಇಬ್ಬರು, ಮಾತೇ ಇಲ್ಲದ ಹಾಡನ್ನು ಹೇಗೆ ಬರೆದುಕೊಳ್ಳುವುದೆಂದು ತಿಳಿಯದೆ ಪೆನ್ಸಿಲ್ ಕಚ್ಚುತ್ತಿದ್ದರು. ಗೋಡೆ ಗಡಿಯಾರದಲ್ಲಿ ಐದೂ ಮೂವತ್ತೈದು. ಮುಂದಿನ ಸಾಲಿನಲ್ಲಿ ನಮ್ಮ ಯುವಕ ಮೇಷ್ಟ್ರು. ತೊಡೆಯ ಮೇಲೆ ಒಂದು ಪೆಟ್ಟು, ಎರಡು ಬೆರಳು, ಪೆಟ್ಟು, ಅಂಗೈ ತಿರುವು, ಪೆಟ್ಟು, ಅಂಗೈ ತಿರುವು. ಏಳು ಎಣಿಕೆಯ ಅಪ್ಪಟ ತ್ರಿಪುಟ ತಾಳ. ಕೂಟದ ಹೆಂಗಸರ ಸಾಲಿನಿಂದ ಚಪ್ಪಾಳೆ ಬಿತ್ತು. ಸುಶೀಲಮ್ಮ ಸೆರಗು ಸರಿಮಾಡಿಕೊಂಡರು.

ಗಡಿಯಾರ ಆರು ತೋರಿಸಿತು. ಹಿಂಬಾಗಿಲಿನಿಂದ ಪೊಲೀಸರು ಬಂದರು. ಅನಘಾ ಎಣಿಸಿದಳು, ನಾಲ್ಕೇ ಜನ. ನಾಯಿ ಇರಲಿಲ್ಲ. ಅವಳು ತಾತನ ಕಡೆ ನೋಡಿದಳು, ತಾತ ಕಾಲಿನ ಕಡೆ ನೋಡಿದರು. ತೆರೆಯ ಮೇಲೆ ಜನ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡತೊಡಗಿದರು. ಗಿಟಾರಿನವನು ನಿಲ್ಲಿಸಿದ. ಕೊಳಲಿನವನು ನಿಲ್ಲಿಸಿದ. ಡ್ರಮ್ಮಿನ ಒಡಿಯಾಂಬೊ ಕೋಲು ಎತ್ತಿದವನು ಇಳಿಸಲೋ ಬೇಡವೋ ಎಂದು ಸುತ್ತ ನೋಡಿದ. ಅವನ ಕಣ್ಣು ಮುಂದಿನ ಸಾಲಿನಲ್ಲಿ ನಿಂತಿತು. ಖಾಲಿ ಕುರ್ಚಿಗಳ ನಡುವೆ ಒಂದೇ ಒಂದು ಕೈ, ಪೆಟ್ಟು, ಎರಡು ಬೆರಳು, ಏನೂ ಆಗದವರ ಹಾಗೆ ಎಣಿಸುತ್ತಲೇ ಇತ್ತು. ಕೋಲು ಸರಿಯಾಗಿ ಸಮಕ್ಕೆ ಬಿತ್ತು. ಗಿಟಾರು ಮತ್ತೆ ಹಿಡಿದುಕೊಂಡಿತು.

ಇನ್‌ಸ್ಪೆಕ್ಟರ್ ಮುಂದೆ ಬಂದು ಮೇಷ್ಟ್ರ ಭುಜ ತಟ್ಟಿದ. ಮೇಷ್ಟ್ರು ಕಣ್ಣು ಬಿಡಲಿಲ್ಲ. ಕಛೇರಿಗೆ ತಡವಾಗಿ ಬಂದು ಜಾಗ ಕೇಳುವವರಿಗೆ ತೋರಿಸುವ ಹಾಗೆ ಎಡಗೈ ಅಂಗೈಯನ್ನು ಎತ್ತಿ ತೋರಿಸಿ, ಪಕ್ಕದ ಕುರ್ಚಿಯನ್ನು ತಟ್ಟಿದರು. ತೆರೆಯ ಮೇಲಿನ ಮೈಕಿನಲ್ಲಿ ಸ್ಪಷ್ಟವಾಗಿ ಕೇಳಿಸಿತು: ‘ಕೂತ್ಕೊಳ್ಳಿ. ಮಂಗಳ ಆಗ್ಲಿ.’ ಮೈಸೂರಿನಲ್ಲಿ ಮಂಗಳ ಹಾಡುವ ಮುಂಚೆ ಎದ್ದು ಹೋಗುವುದು ಅನಾಚಾರ, ಎಬ್ಬಿಸುವುದು ಅದಕ್ಕಿಂತ ಅನಾಚಾರ. ಇನ್‌ಸ್ಪೆಕ್ಟರಿಗೆ ಕನ್ನಡ ಬಾರದು, ಇಂಥ ಸಂದರ್ಭಕ್ಕೆ ಇಲಾಖೆಯ ನಿಯಮವೂ ಇರಲಿಲ್ಲವೆಂದು ಕಾಣುತ್ತದೆ. ಅವನು ಆ ಕಡೆ ಈ ಕಡೆ ನೋಡಿದ. ಟೋಪಿ ತೆಗೆದ. ಕೂತ.

ಪರ್ಮಿಟ್ ಮುಗಿದು ಹನ್ನೊಂದು ನಿಮಿಷ ಆ ಹಾಡು ನಡೆಯಿತು.

ಮೇಷ್ಟ್ರು ಬಾಯಿ ತೆರೆದು ನೋಡುತ್ತಿದ್ದರು. ಯಾರೋ ಭುಜ ತಟ್ಟಿದ್ದು ಅವರಿಗೆ ಮಸುಕಾಗಿ ನೆನಪಿತ್ತು. ಯಾವನೋ ಸೀಟಿಲ್ಲದವನು ಎಂದು ಐವತ್ತು ವರ್ಷದಿಂದ ತಿಳಿದಿದ್ದರು.

ಆಮೇಲೆ ಆಗಬೇಕಾದ್ದು ಆಯಿತು. ತೆರೆಯ ಮೇಲಿನ ಮೇಷ್ಟ್ರು ಕಣ್ಣು ಬಿಟ್ಟರು, ಪಕ್ಕದ ಯೂನಿಫಾರ್ಮು ನೋಡಿದರು, ಎದ್ದು ನಿಂತು ಒಪ್ಪಿಸಿದರು: ‘ಫೆಲಿಕ್ಸ್ ಡಿಸೋಜಾ. ಮೇಲ್. ಟ್ವೆಂಟಿ ಸಿಕ್ಸ್. ಲೋವರ್ ಬರ್ತ್.’ ಓಡಿದರು. ಖಾಲಿ ಕುರ್ಚಿಯ ಮೇಲೆ ಒಂದು ಕೊಡೆ. ಅಲ್ಲಿಗೆ ಸಿನಿಮಾ ಮುಗಿಯಿತು.

ದೀಪ ಹತ್ತಿತು. ಡಾಕ್ಟರ್ ವಂಜಿರು ಮೈಕು ಹಿಡಿದು, ‘ಎರಡು ವರ್ಷದಿಂದ ಈ ಫೆಲಿಕ್ಸ್ ಡಿಸೋಜಾರನ್ನೂ, ಲೋವರ್ ಬರ್ತ್ ಎಂಬ ಭೂಗತ ಸಂಘಟನೆಯನ್ನೂ ಹುಡುಕುತ್ತಿದ್ದೇವೆ,’ ಎಂದರು. ‘ಅವರು ಇಲ್ಲಿದ್ದಾರೆಯೇ?’

ಎಪ್ಪತ್ತು ತಲೆಗಳು ಮೊದಲ ಸಾಲಿನ ಕಡೆ ತಿರುಗಿದವು. ಕೃಷ್ಣಪ್ರಸಾದ್ ಕೈಯಲ್ಲಿ ಶಾಲು ಹಿಡಿದು, ಒಂದು ಕಾಲು ಮೆಟ್ಟಿಲ ಮೇಲಿಟ್ಟು ನಿಂತಲ್ಲೇ ನಿಂತರು. ಫೆಲಿಕ್ಸ್ ನಿಧಾನವಾಗಿ ಮೇಷ್ಟ್ರ ಕಡೆ ತಿರುಗಿದರು.

‘ಲೋವರ್ ಬರ್ತ್ ಅಂದ್ರೆ ರೈಲಿಂದಾ ಮಾರಾಯ?’

ಈಗ ಸುಮ್ಮನಿದ್ದರೂ ಇರಬಹುದಿತ್ತು. ಆದರೆ ಅನಘಾ ನೋಡುತ್ತಿದ್ದಳು. ಮೇಷ್ಟ್ರು ಎದ್ದು ನಿಂತರು. ಐವತ್ತು ವರ್ಷದಿಂದ ಎದ್ದು ನಿಂತೆ ಎಂದು ಹೇಳುತ್ತಿದ್ದವರು ನಿಜವಾಗಿ ಎದ್ದು ನಿಂತದ್ದು ಇದೇ ಮೊದಲು.

‘ರೈಲಿಂದೇ ಕಣೋ ಫೆಲಿಕ್ಸ್. ನಾನು ಯಾರಿಗೂ ಗದರ್ಲಿಲ್ಲ. ಹದಿನಾರು ಜನ ಪೊಲೀಸ್ರು ಇರ್ಲಿಲ್ಲ, ನಾಯೀನೂ ಇರ್ಲಿಲ್ಲ. ಭಯ ಆಯ್ತು, ಟಿಕೆಟ್ ಮೇಲಿದ್ದ ನಿನ್ನ ಹೆಸರು ಹೇಳಿ ಓಡಿಬಿಟ್ಟೆ. ನೀನು ಬೆಂಚಿನ ಮೇಲೆ ಕೂತಿದ್ದು ನನ್ನಿಂದ. ತಪ್ಪಾಯ್ತು.’ ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಎಲ್ಲರಿಗೂ ಹೇಳಿದರು. ಒಂದು ಮಾತನ್ನೂ ಬಿಡಲಿಲ್ಲ.

ಮೊದಲು ಎದ್ದವರು ಒಡಿಯಾಂಬೊ. ಕೋಲೂರಿಕೊಂಡು ಬಂದು ಮೇಷ್ಟ್ರ ಬಲಗೈಯನ್ನು ಹಿಡಿದು, ತಿರುಗಿಸಿ ಮುರುಗಿಸಿ ನೋಡಿದರು. ‘ಮ್ವಾಲಿಮು,’ ಎಂದರು, ಈ ಕಡೆ ಮೇಷ್ಟ್ರನ್ನು ಹಾಗೇ ಕರೆಯುವುದು. ‘ಗದರಿದವರು ಆ ಕಾಲದಲ್ಲಿ ಬೇಕಾದಷ್ಟು ಜನ ಇದ್ದರು. ನನಗೆ ಆವತ್ತು ಬೇಕಾಗಿದ್ದದ್ದು ಏಳು ಎಣಿಸುವವನು. ನಿನ್ನ ಕೈ ನಿಂತಿದ್ದರೆ ನನ್ನದೂ ನಿಲ್ಲುತ್ತಿತ್ತು.’

ಫೆಲಿಕ್ಸ್ ಇನ್ನೂ ಮುಖ ಗಂಟಿಕ್ಕಿ ಕೂತಿದ್ದರು. ‘ಒಂಬತ್ತು ಗಂಟೆ ಬೆಂಚು ಮಾರಾಯ. ರೈಲಿನ ಒಂದು ಬರ್ತಿಗೆ.’

‘ಯಾವುದಕ್ಕಾದ್ರೂ ಆಗ್ಲಿ,’ ಎಂದರು ಫಿಲೋಮಿನಾ ಬಾಯಿ. ‘ನೀವು ಬಾಯಿ ಬಿಡ್ಲಿಲ್ಲ ಅಲ್ವಾ? ಟಿಕೆಟ್ ಯಾರಿಗೆ ಕೊಟ್ಟೆ ಅಂತ ಆಗ ನೀವು ಹೇಳಿದ್ರೆ ಮೇಷ್ಟ್ರು ಸಿಕ್ಕಿಬೀಳ್ತಿದ್ರು. ಅವರನ್ನು ಉಳಿಸಿದ್ದು ನೀವೇ. ನಮ್ಮ ಅಪ್ಪನ ಲೆಕ್ಕ ತಪ್ಪಿಲ್ಲ.’

ಫೆಲಿಕ್ಸ್ ಸ್ವಲ್ಪ ಹೊತ್ತು ಇದನ್ನು ಪರೀಕ್ಷಿಸಿದರು. ಕೆಮಿಸ್ಟ್ರಿಯವರು, ತೂಗಿ ನೋಡದೆ ಒಪ್ಪುವವರಲ್ಲ. ಆಮೇಲೆ ಅವರ ಬೆನ್ನು ತಾನಾಗಿ ನೆಟ್ಟಗಾಯಿತು. ಎದ್ದು ಕೃಷ್ಣಪ್ರಸಾದರ ಹತ್ತಿರ ಹೋದರು. ಕೃಷ್ಣಪ್ರಸಾದ್ ಬೆವರುತ್ತಿದ್ದರು, ಶಾಲು ಒಂದೇ, ಪೇಟ ಒಂದೇ, ಹಣ್ಣಿನ ಬುಟ್ಟಿ ಒಂದೇ, ಇಬ್ಬರಿಗೆ ಸನ್ಮಾನ ಮಾಡುವ ಸಂಪ್ರದಾಯ ಕೂಟದ ಇತಿಹಾಸದಲ್ಲಿಲ್ಲ.

‘ತಾಳ ಅವನದ್ದು, ಹೆಸರು ನನ್ನದು,’ ಎಂದರು ಫೆಲಿಕ್ಸ್. ‘ಶಾಲು ಅವನಿಗೆ ಹಾಕಿ. ಪೇಟ ನನಗೆ ಕೊಡಿ.’

ಹಾಗೇ ಆಯಿತು. ಹಣ್ಣಿನ ಬುಟ್ಟಿಯನ್ನು ಒಡಿಯಾಂಬೊ ಅವರಿಗೆ ಕೊಟ್ಟರು. ಶಾಲು ಹೊದ್ದ ಮೇಷ್ಟ್ರು, ಪೇಟ ತೊಟ್ಟ ಫೆಲಿಕ್ಸ್ ಅಕ್ಕಪಕ್ಕ ಕೂತರೆ, ಯಾವುದೋ ಒಬ್ಬ ಮಹಾರಾಜನನ್ನು ಇಬ್ಬರಾಗಿ ಹಂಚಿಕೊಂಡ ಹಾಗೆ ಕಾಣುತ್ತಿತ್ತು. ಎಪ್ಪತ್ತು ಜನವೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಂಥವರು ನಮ್ಮವರು ಎಂಬ ಹೆಮ್ಮೆಯಲ್ಲಿ ಸುಶೀಲಮ್ಮ ಪಕ್ಕದವರಿಗೆ, ಆ ಟೈ ಇನ್ನೂ ಬೀರುವಿನಲ್ಲಿದೆ ಎಂದು ಎರಡು ಸಲ ಹೇಳಿದರು.

ಒಡಿಯಾಂಬೊ ವೇದಿಕೆಯ ಮೂಲೆಗೆ ಹೋಗಿ ಡ್ರಮ್ಮಿನ ಮುಂದೆ ಕೂತು, ಮೇಷ್ಟ್ರ ಕಡೆ ನೋಡಿ ತಲೆಯಾಡಿಸಿದರು. ಮೇಷ್ಟ್ರು ಕುರ್ಚಿಯ ಮೇಲೆ ಕಾಲು ಮಡಿಸಿ ಕೂತರು. ಮಂಡಿನೋವು ನೆನಪಾಗಲಿಲ್ಲ. ಪೆಟ್ಟು, ಎರಡು ಬೆರಳು. ಈ ಸಲ ಊರಿನವರು ಆ ಹಾಡಿನ ಮಾತುಗಳನ್ನು ಗಟ್ಟಿಯಾಗಿ ಹಾಡಿದರು, ಇನ್ನೂರು ದನಿಯಲ್ಲಿ, ಬೇಲಿಯ ಒಳಗೆ ನಿಂತವರು ಯಾರು ಎಂದು. ತಡೆಯುವವರು ಯಾರೂ ಇರಲಿಲ್ಲ. ಮೇಷ್ಟ್ರ ಮುಚ್ಚಿದ ಕಣ್ಣಿನಿಂದ ನೀರಿಳಿಯುತ್ತಿತ್ತು.

ಹಾಡು ಅರ್ಧ ಗಂಟೆಯದು. ಆರು ಗಂಟೆಗೆ ಕೃಷ್ಣಪ್ರಸಾದ್ ಕೈಗಡಿಯಾರ ತೋರಿಸುತ್ತ, ಬೀಗದ ಕೈಗೊಂಚಲು ಹಿಡಿದ ಕಾವಲುಗಾರನನ್ನು ಬೆನ್ನಿಗಿಟ್ಟುಕೊಂಡು ಮುಂದಿನ ಸಾಲಿಗೆ ಓಡಿಬಂದರು. ‘ಸರ್, ಹಾಲ್ ಆರು ಗಂಟೆವರೆಗೆ ಮಾತ್ರ. ಏಳಬೇಕು ಸರ್. ರೂಲ್ಸು.’

ಮೇಷ್ಟ್ರ ಭುಜ ತಟ್ಟಲು ಅವರು ಕೈ ಚಾಚಿದ್ದರು. ನಡುವೆ ಅನಘಾಳ ಅಂಗೈ ಎದ್ದಿತು.

‘ಅಂಕಲ್, ಕೂತ್ಕೊಳ್ಳಿ,’ ಎಂದಳು, ಹುಟ್ಟಿದಾಗಿನಿಂದ ಯಾರಿಗೂ ಕನ್ನಡದಲ್ಲಿ ಉತ್ತರ ಕೊಡದಿದ್ದ ಹುಡುಗಿ. ‘ಮಂಗಳ ಆಗಿಲ್ಲ.’

ಕೃಷ್ಣಪ್ರಸಾದ್ ಕೂತರು. ಕಾವಲುಗಾರನೂ ಟೋಪಿ ತೆಗೆದು ಕೂತ.